ಸರ್ವರ್ ಅಲ್ಲ, ವಾಯರ್

ರೇಷನ್ ಅಂಗಡಿ ಮುಂದೆ ನಿಂತವರು ಅತಿ ಹೆಚ್ಚು ಸಲ ಕೇಳಿರುವ ಮಾತು ಇದು: "ಸರ್ವರ್ ಇಲ್ಲ, ನಾಳೆ ಬರ್ರಿ."

ಈ ಮಾತನ್ನು ನಾನೂ ಬೇಕಾದಷ್ಟು ಸಲ ಸುದ್ದಿ ಮಾಡಿದ್ದೇನೆ. 'ಸರ್ವರ್ ಸಮಸ್ಯೆ: ಪಡಿತರಕ್ಕೆ ಪರದಾಟ' ಅಂತ ಒಂದು ಶೀರ್ಷಿಕೆ, ಸರತಿ ಸಾಲಿನ ಒಂದು ಫೋಟೊ, ನಾಲ್ಕು ಸಾಲು. ಡೆಸ್ಕಿಗೆ ಕಳಿಸಿದರೆ ಆ ದಿನದ ಕೆಲಸ ಮುಗಿಯಿತು. ಅಂಗಡಿಯೊಳಗೆ ಹೋಗಿ, "ಸರ್ವರ್ ಇಲ್ಲ ಅಂತ ನಿಮಗೆ ಹೆಂಗ ಗೊತ್ತಾತು?" ಅಂತ ಒಮ್ಮೆಯೂ ಕೇಳಿರಲಿಲ್ಲ. ಸರ್ವರ್ ಎಲ್ಲೋ ದೂರದಲ್ಲಿರುವ ವಸ್ತು. ಅದು ಬಿದ್ದಿದೆ ಅಂದರೆ ಯಾರ ತಪ್ಪೂ ಅಲ್ಲ. ಅಂಗಡಿಯವರಿಗೂ ನಿರಾಳ, ಇಲಾಖೆಗೂ ನಿರಾಳ, ಬರೆಯುವ ನನಗೂ ನಿರಾಳ. ವಾಪಸ್ ನಡೆದು ಹೋಗುವವರಿಗೆ ಮಾತ್ರ ಅಲ್ಲ.

ಮೆಣಸಿನಕಾಯಿ ಬಿಡಿಸುವ ಸುಗ್ಗಿಯಲ್ಲಿ ನಮ್ಮ ತಾಲ್ಲೂಕಿನ ಒಂದು ಊರಿಗೆ ಇದೇ ಸುದ್ದಿಗೆ ಹೋಗಿದ್ದೆ. ಕಟ್ಟೆ ಮೇಲೆ ಕೂತಿದ್ದ ಒಬ್ಬ ಅಜ್ಜಿ ಖಾಲಿ ಚೀಲ ಮಡಿಚಿ ತೊಡೆಯ ಮೇಲಿಟ್ಟುಕೊಂಡಿದ್ದಳು. "ಮೂರು ದಿನ ಆತು ತಮ್ಮಾ. ಈ ಸರ್ವರ್ ಅನ್ನಾವ ಯಾವ ಊರಾಗ ಇರತಾನೋ ಏನೋ. ಅವ ಬರೂತನಕ ನಮಗ ಅಕ್ಕಿ ಇಲ್ಲಂತ" ಅಂದಳು. ಸುತ್ತ ಕೂತವರು ನಕ್ಕರು. ನಾನೂ ನಕ್ಕೆ. ಆಮೇಲೆ ಲೆಕ್ಕ ಹಾಕಿದೆ. ಮೂರು ದಿನ ಕೂಲಿ ಬಿಟ್ಟಿದ್ದಾಳೆ. ಹೊಲದ ಕೂಲಿ ಊರಿಂದೂರಿಗೆ ಬೇರೆ, ಅದನ್ನು ಬಿಡಿ. ಕರ್ನಾಟಕದಲ್ಲಿ 2025-26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಆ ದರದಲ್ಲೇ ಹಿಡಿದರೂ ಮೂರು ದಿನಕ್ಕೆ 1110 ರೂಪಾಯಿ. ಪುಕ್ಕಟೆ ಅಕ್ಕಿಗೆ ಅವಳು ಅಷ್ಟು ಬೆಲೆ ಕೊಟ್ಟಾಗಿತ್ತು, ಅಕ್ಕಿ ಇನ್ನೂ ಸಿಕ್ಕಿರಲಿಲ್ಲ.

ಆ ದಿನ ನನ್ನ ಬೈಕಿನ ಹಿಂದೆ ಮೊಬೈಲ್ ರಿಪೇರಿ ಮಾಡುವ ಹುಡುಗನೊಬ್ಬ ಇದ್ದ. ಅವನಿಗೆ ಆ ಊರಲ್ಲಿ ಬೇರೆ ಕೆಲಸ, ನನ್ನ ಜೊತೆ ಬಂದಿದ್ದು ಪೆಟ್ರೋಲ್ ಉಳಿಸಲಿಕ್ಕೆ. ಅಂಗಡಿ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕಿವಿಗೊಟ್ಟ. "ಅಣ್ಣಾ, ಆ ಲ್ಯಾಪ್‌ಟಾಪ್ ಸಪ್ಪಳ ಕೇಳ್ರಿ" ಅಂದ.

ಯಾರಾದರೂ ಥಂಬ್ ಮಷಿನ್ ಮೇಲೆ ಹೆಬ್ಬೆಟ್ಟು ಒತ್ತಿದ ಕೂಡಲೇ ಲ್ಯಾಪ್‌ಟಾಪ್ 'ಡುಂ-ಡಂ' ಅನ್ನುತ್ತಿತ್ತು. ಬೆರಳು ಎತ್ತಿದರೆ 'ಡಂ-ಡುಂ'. ಪೆನ್‌ಡ್ರೈವ್ ಹಾಕಿದಾಗ, ತೆಗೆದಾಗ ಬರುವ ಅದೇ ಸದ್ದು. ಅಂದರೆ ಜನ ಬೆರಳು ಒತ್ತುವ ಭಾರಕ್ಕೆ ಮಷಿನ್ ಅಲುಗಾಡಿ ಕನೆಕ್ಷನ್ ಕಡಿದುಹೋಗುತ್ತಿತ್ತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಎರರ್ ಬರುತ್ತಿತ್ತು. ಅಂಗಡಿಯ ಕಾಕಾ ಅದನ್ನು ಎಂದಿನಂತೆ ಓದುತ್ತಿದ್ದರು: ಸರ್ವರ್ ಇಲ್ಲ.

ಹುಡುಗ ಒಳಗೆ ಹೋಗಿ ವಾಯರ್ ಹಿಡಿದುಕೊಂಡು ಹುಡುಕುತ್ತ ಹೋದ. ಥಂಬ್ ಮಷಿನ್ನಿನ ವಾಯರ್ ಅಕ್ಕಿ ಚೀಲದ ಅಡಿಯಿಂದ ಹಾದು ಒಂದು ಸಣ್ಣ ಯುಎಸ್‌ಬಿ ಹಬ್‌ಗೆ ಹೋಗಿತ್ತು. ಒಂದು ತೂತನ್ನು ನಾಲ್ಕು ಮಾಡುವ ಅಗ್ಗದ ಡಬ್ಬಿ ಅದು. ಅದೇ ಹಬ್‌ಗೆ ಪ್ರಿಂಟರ್, ಮೌಸ್, ಇಂಟರ್ನೆಟ್ ಡಾಂಗಲ್. ಅವನು ಥಂಬ್ ಮಷಿನ್ ಬಿಚ್ಚಿ ನೇರ ಲ್ಯಾಪ್‌ಟಾಪಿಗೆ ಚುಚ್ಚಿದ. ವಾಯರ್ ಎಳೆಯದಂತೆ ಟೇಬಲ್ಲಿನ ಕಾಲಿಗೆ ಸುತ್ತಿ ಸುತಲಿಯಿಂದ ಕಟ್ಟಿದ. ಚಹಾ ಕುಡಿಯುವಷ್ಟು ಹೊತ್ತೂ ಆಗಲಿಲ್ಲ. ಮೊದಲ ಥಂಬ್ ಆ ಅಜ್ಜಿಯದೇ. ಎರಡನೇ ಸಲಕ್ಕೆ ಹಿಡಿಯಿತು.

ಅಂದು ನಾನು ಸುದ್ದಿ ಕಳಿಸಲಿಲ್ಲ. 'ವಾಯರ್ ಸಡಿಲ: ಪಡಿತರಕ್ಕೆ ಪರದಾಟ' ಅಂತ ಶೀರ್ಷಿಕೆ ಕೊಟ್ಟರೆ ಡೆಸ್ಕಿನವರು ನಗುತ್ತಿದ್ದರು.

ಸರ್ವರ್ ಯಾವಾಗಲೂ ಚೆನ್ನಾಗಿರುತ್ತದೆ ಅಂತ ನಾನು ಹೇಳುತ್ತಿಲ್ಲ. ರಾಜ್ಯದ ಎಲ್ಲ ಅಂಗಡಿಗಳೂ ಒಂದೇ ವಾರದಲ್ಲಿ ಹಂಚಲು ಕೂತಾಗ ಅದು ನಿಜವಾಗಿಯೂ ಬಳಲುತ್ತದೆ. ಆದರೆ 'ಸರ್ವರ್' ಎಂಬ ಒಂದೇ ಮಾತಿನ ಅಡಿ ಹತ್ತು ಬೇರೆ ಬೇರೆ ದೋಷ ಅಡಗಿ ಕೂತಿವೆ. ಅದರಲ್ಲಿ ಅರ್ಧಕ್ಕೂ ಹೆಚ್ಚು ಅಂಗಡಿಯ ನಾಲ್ಕು ಗೋಡೆಯ ಒಳಗೇ ಸರಿಮಾಡಬಹುದಾದವು ಅನ್ನುವುದು ಆಮೇಲೆ ನಾನು ಅಂಗಡಿಯಿಂದ ಅಂಗಡಿಗೆ ಅಲೆದು ಕಂಡುಕೊಂಡ ಮಾತು. ಲೆಕ್ಕ ನನ್ನದು, ಇಲಾಖೆಯದಲ್ಲ.

ಆ ಹಬ್ ವಿಷಯವನ್ನೇ ನೋಡಿ. ಲ್ಯಾಪ್‌ಟಾಪಿನ ಸಾದಾ ಯುಎಸ್‌ಬಿ ತೂತು ಕೊಡುವ ಕರೆಂಟು 500 ಮಿಲಿ ಆಂಪಿಯರ್. ಸ್ವಂತ ಅಡಾಪ್ಟರ್ ಇಲ್ಲದ ಹಬ್ ಹಾಕಿದರೆ ಆ 500ನ್ನೇ ಎಲ್ಲವೂ ಹಂಚಿಕೊಳ್ಳಬೇಕು. ಡಾಂಗಲ್ ಸಿಗ್ನಲ್ ಹುಡುಕುವಾಗ ಹೆಚ್ಚು ಎಳೆಯುತ್ತದೆ. ಅದೇ ಹೊತ್ತಿಗೆ ಥಂಬ್ ಮಷಿನ್ನಿನ ದೀಪ ಹೊತ್ತಿಕೊಳ್ಳಬೇಕು. ಒಂದೇ ನಲ್ಲಿಗೆ ನಾಲ್ಕು ಕೊಡ ಇಟ್ಟಂತೆ. ಡಾಂಗಲ್ ಮತ್ತು ಥಂಬ್ ಮಷಿನ್ ಎರಡನ್ನೂ ನೇರ ಲ್ಯಾಪ್‌ಟಾಪಿಗೆ ಹಾಕಿ, ಮೌಸು ಪ್ರಿಂಟರು ಬೇಕಾದರೆ ಹಬ್‌ನಲ್ಲಿ ಇರಲಿ. ಪ್ರಿಂಟರಿಗೆ ಸಾಮಾನ್ಯವಾಗಿ ತನ್ನದೇ ಅಡಾಪ್ಟರ್ ಇರುತ್ತದೆ.

ಇನ್ನೊಂದು ಊರಲ್ಲಿ ದೂರು ಬೇರೆ ರೀತಿ ಇತ್ತು. ಬೆಳಿಗ್ಗೆ ಎಲ್ಲ ಸರಿ, ಮಧ್ಯೆ ಊಟಕ್ಕೆ ಹೋಗಿ ಬಂದರೆ ಮಷಿನ್ ಸತ್ತಿರುತ್ತದೆ, ಕಿತ್ತು ಮತ್ತೆ ಹಾಕಿದರೆ ಬದುಕುತ್ತದೆ. ಇದು ವಾಯರಿನ ದೋಷವಲ್ಲ, ವಿಂಡೋಸಿನ ಜಿಪುಣತನ. ಬ್ಯಾಟರಿ ಉಳಿಸಲು ಅದು ಬಳಸದೇ ಇರುವ ಯುಎಸ್‌ಬಿಯನ್ನು ಮಲಗಿಸುತ್ತದೆ, ಕೆಲವು ಮಷಿನ್ನುಗಳು ಆಮೇಲೆ ಏಳುವುದೇ ಇಲ್ಲ. ಡಿವೈಸ್ ಮ್ಯಾನೇಜರ್ ತೆರೆದು, ಯುಎಸ್‌ಬಿ ರೂಟ್ ಹಬ್ ಅಂತಿರುವ ಪ್ರತಿಯೊಂದರಲ್ಲೂ ಪವರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ, ವಿದ್ಯುತ್ ಉಳಿಸಲು ಈ ಸಾಧನ ಬಂದ್ ಮಾಡಬಹುದು ಅನ್ನುವ ಕಡೆ ಇರುವ ಟಿಕ್ ತೆಗೆಯಬೇಕು. ಒಮ್ಮೆ ಮಾಡಿದರೆ ಸಾಕು. ಆ ಅಂಗಡಿಯಲ್ಲಿ ಎರಡು ವರ್ಷದಿಂದ ದಿನಾ ಕಿತ್ತು ಹಾಕಿ, ಕಿತ್ತು ಹಾಕಿ ತೂತೇ ಸಡಿಲಾಗಿತ್ತು.

ಮೂರನೆಯದು ನನಗೆ ಬಹಳ ಮಜಾ ಅನಿಸಿದ್ದು. ಹಳೆಯ ಡೆಸ್ಕ್‌ಟಾಪ್ ಇರುವ ಅಂಗಡಿ. ನೆಟ್ ಇದೆ, ಥಂಬ್ ಮಷಿನ್ ದೀಪ ಇದೆ, ಆದರೂ ಇಲಾಖೆಯ ಪುಟ ತೆರೆಯುವುದಿಲ್ಲ. ಮೂಲೆಯಲ್ಲಿ ಗಡಿಯಾರ ನೋಡಿದರೆ ಎಷ್ಟೋ ವರ್ಷ ಹಿಂದಿನ ತಾರೀಖು. ಒಳಗಿನ ಬೋರ್ಡಿನಲ್ಲಿ ನಾಣ್ಯದಷ್ಟು ದೊಡ್ಡ ಒಂದು ಸೆಲ್ ಇರುತ್ತದೆ, ಸಿಆರ್ 2032 ಅಂತ. ಅದು ಸತ್ತರೆ ಕರೆಂಟು ಹೋದಾಗಲೆಲ್ಲ ಕಂಪ್ಯೂಟರ್ ತಾರೀಖು ಮರೆಯುತ್ತದೆ. ತಾರೀಖು ತಪ್ಪಿದ್ದರೆ ಸುರಕ್ಷಿತ ವೆಬ್ ಪುಟಗಳು ಅದನ್ನು ಒಳಗೆ ಬಿಡುವುದಿಲ್ಲ. ವಾಚ್ ಅಂಗಡಿಯಲ್ಲಿ ಸಿಗುವ ಒಂದು ಸೆಲ್ಲಿಗಾಗಿ ಇಡೀ ಊರು ಕಾದಿತ್ತು.

ಪ್ರಿಂಟರಿನ ತಕರಾರುಗಳು ಚಿಲ್ಲರೆ, ಆದರೆ ಜಗಳ ಹೆಚ್ಚು ಹುಟ್ಟುವುದು ಅಲ್ಲೇ. ಥಂಬ್ ಹಿಡಿದು ರಸೀದಿ ಬರದಿದ್ದರೆ ಅಕ್ಕಿ ಕೊಟ್ಟರೋ ಇಲ್ಲವೋ, ಎಷ್ಟು ಕೊಟ್ಟರು ಎನ್ನುವುದಕ್ಕೆ ಕೈಯಲ್ಲಿ ಸಾಕ್ಷಿ ಇಲ್ಲ. ಕಸ ಗುಡಿಸುವಾಗ ವಾಯರ್ ಕಿತ್ತು ಬೇರೆ ತೂತಿಗೆ ಹಾಕಿದರೆ ವಿಂಡೋಸ್ ಅದನ್ನು ಹೊಸ ಪ್ರಿಂಟರ್ ಅಂದುಕೊಂಡು 'ಕಾಪಿ 1' ಅಂತ ಹೆಸರಿಡುತ್ತದೆ, ರಸೀದಿಗಳೆಲ್ಲ ಇಲ್ಲದ ಹಳೆಯ ಪ್ರಿಂಟರಿಗೆ ಹೋಗಿ ಸಾಲಾಗಿ ಕೂರುತ್ತವೆ. ಮೊದಲಿನ ತೂತಿಗೇ ಹಾಕಿ ನೋಡಿ. ಪ್ರತಿ ವಾಯರಿಗೂ ಪ್ರತಿ ತೂತಿಗೂ ಒಂದೇ ಬಣ್ಣದ ಉಗುರು ಬಣ್ಣದ ಚುಕ್ಕೆ ಇಟ್ಟಿದ್ದ ಒಬ್ಬ ಅಂಗಡಿಯವರನ್ನು ಕಂಡೆ. ಅವರ ಮಗಳ ಐಡಿಯಾವಂತೆ. ಇನ್ನು ರಸೀದಿ ಖಾಲಿ ಬರುತ್ತಿದ್ದರೆ ಕಾಗದದ ಸುರುಳಿ ಉಲ್ಟಾ ಆಗಿರಬಹುದು. ಉಗುರಿನಿಂದ ಗೀರಿ ನೋಡಿ, ಕಪ್ಪು ಗೆರೆ ಮೂಡುವ ಬದಿಯೇ ಅಚ್ಚಾಗುವ ಬದಿ.

ಮತ್ತೆ ಬೆರಳು. ಸುಣ್ಣ, ಸಿಮೆಂಟು, ಮೆಣಸಿನಕಾಯಿ, ಹತ್ತಿ. ಇವುಗಳಲ್ಲಿ ದುಡಿದ ಕೈಯ ಗೆರೆ ಸವೆದಿರುತ್ತದೆ. ಗಾಜಿನ ಮೇಲೆ ಹಿಂದಿನವರ ಬೆವರು, ಅಕ್ಕಿಯ ಹೊಟ್ಟು. ಒಂದು ಒಣ ಮೆತ್ತನೆ ಅರಿವೆ ಪಕ್ಕದಲ್ಲಿಟ್ಟುಕೊಂಡು ಪ್ರತಿ ಹತ್ತು ಜನಕ್ಕೆ ಒಮ್ಮೆ ಒರೆಸಿದರೆ ಅರ್ಧ ಗಲಾಟೆ ಕಡಿಮೆ. ಹೆಬ್ಬೆಟ್ಟೇ ಆಗಬೇಕೆಂದಿಲ್ಲ, ಬೇರೆ ಬೆರಳೂ ನಡೆಯುತ್ತದೆ. ಇದು ಎಷ್ಟೋ ಅಂಗಡಿಗಳಲ್ಲಿ ಯಾರೂ ಹೇಳುವುದೇ ಇಲ್ಲ.

ಹಾಗಾದರೆ ಸರ್ವರ್ ನಿಜವಾಗಿ ಬಿದ್ದಿದೆಯೋ ಇಲ್ಲವೋ ಕಂಡುಹಿಡಿಯುವುದು ಹೇಗೆ? ಇದಕ್ಕೆ ಡಿಪ್ಲೊಮಾ ಬೇಕಿಲ್ಲ. ಪಕ್ಕದ ಊರಿನ ರೇಷನ್ ಅಂಗಡಿಗೆ ಒಂದು ಫೋನ್ ಮಾಡಿ. ಅಲ್ಲಿ ಹಂಚಿಕೆ ನಡೆಯುತ್ತಿದ್ದರೆ ಸರ್ವರ್ ನೆಟ್ಟಗಿದೆ, ತೊಂದರೆ ಇರುವುದು ನಿಮ್ಮೂರಲ್ಲಿ. ಆಮೇಲೆ ಅದೇ ಲ್ಯಾಪ್‌ಟಾಪಿನಲ್ಲಿ ಬೇರೆ ಯಾವುದಾದರೂ ಪುಟ ತೆರೆಯಿರಿ. ತೆರೆಯಿತೆಂದರೆ ನೆಟ್ ಕೂಡ ಇದೆ. ತೆರೆಯಲಿಲ್ಲವೆಂದರೆ ಯಾರದಾದರೂ ಮೊಬೈಲಿನ ಹಾಟ್‌ಸ್ಪಾಟ್ ಹಾಕಿ ನೋಡಬಹುದು. ಒಂದು ಕಂಪನಿಯ ಟವರ್ ಸತ್ತಾಗ ಇನ್ನೊಂದು ಕಂಪನಿಯದು ಬದುಕಿರುತ್ತದೆ. ನೆಟ್ಟೂ ಇದೆ ಎಂದ ಮೇಲೆ ಉಳಿಯುವುದು ಮಷಿನ್, ವಾಯರ್, ಅಥವಾ ಆಧಾರ್ ಥಂಬ್ ಮಷಿನ್ನುಗಳಿಗೆ ಬೇಕಾದ ಆರ್‌ಡಿ ಸರ್ವಿಸ್ ಎಂಬ ತಂತ್ರಾಂಶ. ಇದು ನಿಂತಿದ್ದರೆ ಕಂಪ್ಯೂಟರನ್ನು ಒಮ್ಮೆ ಬಂದ್ ಮಾಡಿ ಶುರು ಮಾಡಬೇಕು. ಎಷ್ಟೋ ಮಷಿನ್ನುಗಳಿಗೆ ವರ್ಷಕ್ಕೊಮ್ಮೆ ದುಡ್ಡು ಕಟ್ಟಿ ಇದನ್ನು ನವೀಕರಿಸಬೇಕು. ಅವಧಿ ಮುಗಿದ ದಿನ ಮಷಿನ್ ಸುಮ್ಮನೆ ನಿಂತುಬಿಡುತ್ತದೆ. ಅದಕ್ಕೂ ಹೆಸರು ಸರ್ವರ್ ಪ್ರಾಬ್ಲಂ.

ಈಗ ನನ್ನ ಅಸಲು ತಕರಾರಿಗೆ ಬರುತ್ತೇನೆ.

ಆ ರೇಷನ್ ಅಂಗಡಿಯ ಎದುರಿಗೇ ಒಂದು ಕಿರಾಣಿ ಅಂಗಡಿ ಇದೆ. ಅಲ್ಲೂ ಕಂಪ್ಯೂಟರ್ ಬಿಲ್ಲಿಂಗ್, ಬಾರ್‌ಕೋಡ್ ಓದುವ ಗನ್ನು, ಬಿಲ್ ಪ್ರಿಂಟರ್, 'ಇಷ್ಟು ರೂಪಾಯಿ ಬಂತು' ಅಂತ ಕೂಗುವ ಡಬ್ಬಿ. ಅಲ್ಲೂ ಇದೇ ವಾಯರ್, ಇದೇ ಧೂಳು, ಇದೇ ಕರೆಂಟು. ಅಲ್ಲಿ ಕೆಟ್ಟಾಗ ಏನಾಗುತ್ತದೆ ಅಂತ ಅರ್ಧ ದಿನ ಕೂತು ನೋಡಿದೆ. ಗನ್ನು ಓದದಿದ್ದರೆ ಬಾರ್‌ಕೋಡಿನ ಅಂಕಿ ನೋಡಿ ಕೈಯಲ್ಲಿ ಹೊಡೆಯುತ್ತಾರೆ. ಪ್ರಿಂಟರ್ ನಿಂತರೆ ಖಾಕಿ ರಟ್ಟಿನ ನೋಟ್‌ಬುಕ್ ಬರುತ್ತದೆ. ಡಬ್ಬಿ ಕೂಗದಿದ್ದರೆ ಗಿರಾಕಿಯ ಮೊಬೈಲಿನ ಪರದೆ ನೋಡುತ್ತಾರೆ. ಸಾಮಾನು ಮಾತ್ರ ನಿಲ್ಲುವುದಿಲ್ಲ. ಸಂಜೆಯೊಳಗೆ ಹೊಸ ವಾಯರ್ ಬಂದಿರುತ್ತದೆ. ಯಾಕೆಂದರೆ ಗಿರಾಕಿ ಎದ್ದು ಹೋದರೆ ನಷ್ಟ ಸಾಹುಕಾರರದ್ದು.

ರೇಷನ್ ಅಂಗಡಿಯಲ್ಲಿ ಗಿರಾಕಿ ಎದ್ದು ಹೋಗುವುದಿಲ್ಲ. ಬೇರೆ ಅಂಗಡಿಯಲ್ಲಿ ತೆಗೆದುಕೊಳ್ಳಲು ಅವಕಾಶ ಇದೆ ನಿಜ. ಆದರೆ ಎಪ್ಪತ್ತು ವರ್ಷದ ಅಜ್ಜಿ ಆರು ಕಿಲೋಮೀಟರ್ ಆಚೆಯಿಂದ ಅಕ್ಕಿ ಚೀಲ ಹೇಗೆ ಹೊತ್ತು ತರಬೇಕು? ಮಷಿನ್ ಕೆಟ್ಟರೆ ನಷ್ಟ ಪೂರ್ತಿ ಅವಳದೇ. ನಷ್ಟ ಯಾರದೋ, ರಿಪೇರಿ ಇನ್ಯಾರದೋ. ಹೀಗಿದ್ದಾಗ ವಾಯರ್ ಎರಡು ವರ್ಷ ಸಡಿಲಾಗಿಯೇ ಇರುತ್ತದೆ.

ಅಂಗಡಿಯ ಕಾಕಾನನ್ನು ಬಯ್ಯುವುದು ಸುಲಭ, ಆದರೆ ಅದು ನ್ಯಾಯವಲ್ಲ. ಅವರಿಗೆ ಯಾರೂ ಈ ಕೆಲಸ ಕಲಿಸಿಲ್ಲ. "ನಾ ಅಕ್ಕಿ ತೂಗಾಕ ಬಂದಾವ್ನೋ ತಮ್ಮಾ, ಕಂಪ್ಯೂಟರ್ ರಿಪೇರಿಗೆ ಅಲ್ಲ" ಅಂದರು. ನಿಜ. ಆದರೆ ದುಡ್ಡಿನ ಒಂದು ಲೆಕ್ಕ ಇಲ್ಲಿದೆ. ಕೇಂದ್ರ ಸರ್ಕಾರದ 2015ರ ನಿಯಮಗಳಲ್ಲಿ, ಪಿಒಎಸ್ ಮಷಿನ್ ಮೂಲಕ ಮಾರಿದ ಧಾನ್ಯಕ್ಕೆ ಕಮಿಷನ್ನಿನ ಮೇಲೆ ಕ್ವಿಂಟಲಿಗೆ 17 ರೂಪಾಯಿ ಹೆಚ್ಚುವರಿ ಇಟ್ಟರು. 2022ರಲ್ಲಿ ಅದನ್ನು 21 ರೂಪಾಯಿ ಮಾಡಿದರು. ಇದು ಮಷಿನ್ ಕೊಳ್ಳುವ, ನಡೆಸುವ, ದುರಸ್ತಿಯಲ್ಲಿಡುವ ಖರ್ಚಿಗೆಂದೇ ಇರುವ ಹಣ. ತಿಂಗಳಿಗೆ ನೂರು ಕ್ವಿಂಟಲ್ ಹೋಗುವ ಅಂಗಡಿಗೆ ಆ ದರದಲ್ಲಿ 2100 ರೂಪಾಯಿ. ಒಂದು ಹೊಸ ವಾಯರ್, ಒಂದು ಸೆಲ್, ತಿಂಗಳಿಗೊಮ್ಮೆ ಬಂದು ನೋಡುವ ಹುಡುಗನ ಕೂಲಿ ಅದರಲ್ಲಿ ಬರಬೇಕು. ಬರುವಷ್ಟು ಹಣ ಸರಿಯಾದ ಹೊತ್ತಿಗೆ ಅಂಗಡಿಯವರ ಕೈಗೆ ಸೇರುತ್ತಿದೆಯೇ ಅಂತ ಕೇಳುವುದು ಇಲಾಖೆಯನ್ನು, ಕಾಕಾನನ್ನಲ್ಲ.

ಅರ್ಥಶಾಸ್ತ್ರಜ್ಞ ಜ್ಯಾನ್ ಡ್ರೇಜ್ 2016ರಲ್ಲೇ ಎಚ್ಚರಿಸಿದ್ದರು: ಈ ವ್ಯವಸ್ಥೆ ನಡೆಯಬೇಕೆಂದರೆ ಮಷಿನ್, ಬೆರಳಚ್ಚು, ಇಂಟರ್ನೆಟ್, ದೂರದ ಸರ್ವರ್, ಸ್ಥಳೀಯ ಮೊಬೈಲ್ ನೆಟ್‌ವರ್ಕ್ ಇವೆಲ್ಲವೂ ಒಂದೇ ಕ್ಷಣದಲ್ಲಿ ಕೆಲಸ ಮಾಡಬೇಕು, ಒಂದೊಂದೂ ನಾಜೂಕಿನದು ಅಂತ. ಆ ಪಟ್ಟಿಗೆ ನಾನು ಅಕ್ಕಿ ಚೀಲದ ಅಡಿಯ ವಾಯರನ್ನೂ ಸೇರಿಸುತ್ತೇನೆ.

ಅದಕ್ಕೆ ನನ್ನ ಪ್ರಶ್ನೆ ಇಷ್ಟೇ: ಕಿರಾಣಿ ಅಂಗಡಿಯಲ್ಲಿರುವ ಖಾಕಿ ನೋಟ್‌ಬುಕ್ ರೇಷನ್ ಅಂಗಡಿಯಲ್ಲಿ ಯಾಕಿಲ್ಲ?

ಇರಬೇಕಿತ್ತು. 2017ರ ಅಕ್ಟೋಬರ್ 24ರಂದು ಕೇಂದ್ರ ಆಹಾರ ಇಲಾಖೆ ಎಲ್ಲ ರಾಜ್ಯಗಳಿಗೆ ಪತ್ರ ಬರೆದು ಇದನ್ನೇ ಹೇಳಿದೆ. ನೆಟ್‌ವರ್ಕ್ ಇಲ್ಲ, ಬೆರಳು ಹಿಡಿಯಲಿಲ್ಲ, ಅಥವಾ ಬೇರೆ ತಾಂತ್ರಿಕ ಕಾರಣ ಎಂದು ಅರ್ಹ ಫಲಾನುಭವಿಯನ್ನು ವಾಪಸ್ ಕಳಿಸುವಂತಿಲ್ಲ. ರೇಷನ್ ಕಾರ್ಡ್, ಆಧಾರ್ ಕಾರ್ಡ್ ನೋಡಿ ಧಾನ್ಯ ಕೊಡಬೇಕು. ಹಾಗೆ ಕೊಟ್ಟದ್ದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದಿಡಬೇಕು. ಆ ರಿಜಿಸ್ಟರೇ ನಮ್ಮ ಖಾಕಿ ನೋಟ್‌ಬುಕ್. ನಾನು ಹೋದ ಅಂಗಡಿಗಳಲ್ಲಿ "ತೋರಿಸಿ" ಅಂತ ಕೇಳಿದೆ. ಒಂದು ಕಡೆ ಇತ್ತು, ಪುಟ ಖಾಲಿ. ಉಳಿದ ಕಡೆ ಅಂಥದ್ದೊಂದು ಇದೆಯೆಂದೇ ಗೊತ್ತಿರಲಿಲ್ಲ. "ಬರೆದು ಕೊಟ್ಟರೆ ಆಮೇಲೆ ಸ್ಟಾಕ್ ಕಡಿಮೆ ಬಂತು ಅಂತ ನಮ್ಮ ಕುತ್ತಿಗೆಗೆ ಬರ್ತದ್ರಿ" ಅಂದರು ಒಬ್ಬರು. ಅವರ ಹೆದರಿಕೆಯೂ ಸುಳ್ಳಲ್ಲ. ಹೆದರಿಕೆ ಹೋಗಬೇಕೆಂದರೆ ಮೇಲಿನವರು ಲಿಖಿತವಾಗಿ ಹೇಳಬೇಕು, ಆ ರಿಜಿಸ್ಟರಿಗೆ ಪ್ರತಿ ತಿಂಗಳು ಸಹಿ ಹಾಕಬೇಕು.

ಕಳ್ಳ ಥಂಬ್, ಸತ್ತವರ ಹೆಸರಿನ ಅಕ್ಕಿ, ಕಾಳಸಂತೆ ತಡೆಯಲು ಮಷಿನ್ ಬೇಕು ಅನ್ನುವವರಿದ್ದಾರೆ. ಬೇಡ ಎಂದು ನಾನೂ ಹೇಳುವುದಿಲ್ಲ. ನೋಟ್‌ಬುಕ್ ತೆರೆದರೆ ಅದರಲ್ಲೂ ಸುಳ್ಳು ಬರೆಯುವವರು ಇದ್ದೇ ಇರುತ್ತಾರೆ. ಅವರನ್ನು ಹಿಡಿಯಿರಿ, ಪುಟ ಎಣಿಸಿ, ಮನೆಗೆ ಹೋಗಿ ಕೇಳಿ. ಅದು ಅಧಿಕಾರಿಗಳ ಕೆಲಸ. ಆ ಕೆಲಸ ತಪ್ಪಿಸಿಕೊಳ್ಳಲು ಅಜ್ಜಿಯನ್ನು ಮೂರು ದಿನ ಕಟ್ಟೆ ಮೇಲೆ ಕೂರಿಸುವುದು ಯಾವ ಲೆಕ್ಕ?

ಇನ್ನು ನೀವು. ಇದನ್ನು ಮೊಬೈಲಿನಲ್ಲಿ ಓದುತ್ತಿದ್ದೀರಿ ಅಂದರೆ ನಿಮ್ಮ ಕೈಯಲ್ಲಿ ಫೋನ್ ಇದೆ. ಮುಂದಿನ ಸಲ "ಸರ್ವರ್ ಇಲ್ಲ" ಅಂದಾಗ ಪಕ್ಕದೂರಿನ ಬೀಗರಿಗೋ ಗೆಳೆಯರಿಗೋ ಒಂದು ಫೋನ್ ಹಚ್ಚಿ, ಅಲ್ಲಿ ಕೊಡುತ್ತಿದ್ದಾರಾ ಕೇಳಿ. ಕೊಡುತ್ತಿದ್ದರೆ ಜಗಳ ಮಾಡಬೇಡಿ, ವಾಯರ್ ನೋಡೋಣ ಅನ್ನಿ. ಊರಲ್ಲಿ ಮೊಬೈಲ್ ರಿಪೇರಿಯವನೋ ಐಟಿಐ ಓದಿದ ಹುಡುಗಿಯೋ ಇದ್ದೇ ಇರುತ್ತಾರೆ. ಸರಿಯಾಗದಿದ್ದರೆ ರಿಜಿಸ್ಟರಿನಲ್ಲಿ ಬರೆದು ಕೊಡಿ ಅನ್ನಿ. ಕೊಡದಿದ್ದರೆ ದಿನ, ಹೊತ್ತು ಬರೆದಿಟ್ಟುಕೊಂಡು 1967ಕ್ಕೆ ಫೋನ್ ಮಾಡಿ. ಪಡಿತರದ ಸಹಾಯವಾಣಿ ಅದು. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕಾರ್ಡಿಗೆ 35 ಕಿಲೋ ಹಕ್ಕಿನ ಧಾನ್ಯ. ಕೊಡಬೇಕಾದ ಧಾನ್ಯ ಕೊಡದಿದ್ದರೆ ಭತ್ಯೆ ಕೊಡಬೇಕು ಅಂತ ಅದೇ ಕಾಯ್ದೆಯ 8ನೇ ಸೆಕ್ಷನ್ ಹೇಳುತ್ತದೆ. ಭತ್ಯೆ ಕೇಳಲು ಹೋದಾಗ ಕೈಯಲ್ಲಿ ಬೇಕಾಗುವುದು ಆ ದಿನ, ಆ ಹೊತ್ತು.

ನಮ್ಮಂಥ ವರದಿಗಾರರಿಗೂ ಒಂದು ಮಾತು. 'ಸರ್ವರ್ ಸಮಸ್ಯೆ' ಅಂತ ಬರೆಯುವ ಮೊದಲು ನಾವೂ ಆ ಒಂದು ಫೋನ್ ಮಾಡೋಣ. ನಾನು ಈಗ ಮಾಡುತ್ತೇನೆ. ಕೆಲವು ಸಲ ಸುದ್ದಿ ಸಾಯುತ್ತದೆ, ಕೆಲವು ಸಲ ಇನ್ನೂ ದೊಡ್ಡ ಸುದ್ದಿ ಸಿಗುತ್ತದೆ.

ಈ ತಿಂಗಳ ಹಂಚಿಕೆಯ ಮೊದಲ ದಿನ ಅದೇ ಊರಿಗೆ ಹೋಗಿದ್ದೆ. ಥಂಬ್ ಮಷಿನ್ ವಾಯರ್ ಇನ್ನೂ ಸುತಲಿಯಲ್ಲೇ ಕಟ್ಟಿಕೊಂಡು ಗಟ್ಟಿ ನಿಂತಿತ್ತು. ಪ್ರಿಂಟರಿನಿಂದ ಮಾತ್ರ ಬಿಳಿ ರಸೀದಿ ಬರುತ್ತಿದ್ದವು. ಕಾಕಾ ನನ್ನ ಮುಖ ನೋಡಿ, "ಸರ್ವರ್ ಅಲ್ಲೋ ಮಾರಾಯಾ, ಕಾಗದ ಉಲ್ಟಾ ಹಾಕೀನಿ, ಗೊತ್ತದ" ಅಂದು ಸುರುಳಿ ತೆಗೆದು ಉಗುರಿನಿಂದ ಗೀರತೊಡಗಿದರು.